ಕಡಲ ಬಯಲು ಕೆರೆಯುವ ಮುನ್ನ ಗುಡ್ಡದ ಹಾವುಮೀನು ಎಣಿಸಿ

ಇವರಿಗೆ,
ಕಾರ್ಯದರ್ಶಿಗಳು,
ಭೂ ವಿಜ್ಞಾನ ಸಚಿವಾಲಯ, ಭಾರತ ಸರ್ಕಾರ,
ನವದೆಹಲಿ.

ಇಂದ,
ಕೋಲಾರ ಜಿಲ್ಲೆಯ ಪ್ರಾಣಿಶಾಸ್ತ್ರ, ಭೂವಿಜ್ಞಾನ ಅಧ್ಯಾಪಕರು ಮತ್ತು ಕೆ.ಜಿ.ಎಫ್.ನಲ್ಲಿ ಗಣಿ ಕೆಲಸ ಬಲ್ಲವರು.

ವಿಷಯ: ಮಧ್ಯ ಹಿಂದೂ ಮಹಾಸಾಗರದ ನಮ್ಮ ಬ್ಲಾಕಿನಲ್ಲಿ ಆಳದ ಹಾವುಮೀನುಗಳ ಎಣಿಕೆ ನಡೆಸಿ, ಅದರ ಚಿತ್ರ ಮತ್ತು ಅಂಕಿಗಳನ್ನು ಬಹಿರಂಗಪಡಿಸುವ ಬಗ್ಗೆ.

ಮಾನ್ಯರೇ,

ಕಡಲೇ ಇಲ್ಲದ ಕೋಲಾರದವರಿಗೆ ಕಡಲಾಳದ ಮೀನಿನ ಉಸಾಬರಿ ಏಕೆ ಎಂದು ತಮಗೆ ಅನ್ನಿಸಬಹುದು. ಕಾರಣ ನಮ್ಮ ಊರಿನಲ್ಲೇ ಇದೆ. ಚಾಂಪಿಯನ್ ರೀಫ್ ಗಣಿ 3,200 ಮೀಟರಿಗೂ ಆಳಕ್ಕೆ ಇಳಿದಿತ್ತು. ಈ ಪತ್ರದಲ್ಲಿ ಹೇಳುವ ಹಾವುಮೀನಿನ ವಾಸವೂ ಹೆಚ್ಚುಕಡಿಮೆ ಅಷ್ಟೇ ಆಳದಲ್ಲಿ. ಇಲ್ಲಿ ತಲೆಯ ಮೇಲೆ ಕಲ್ಲು, ಅಲ್ಲಿ ನೀರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಚಿನ್ನ ಹೋಯಿತು, ಅರೆದ ಕಲ್ಲಿನ ಹುಡಿ ಉಳಿಯಿತು. ಹದಿಮೂರು ಸೈನೈಡ್ ದಿಬ್ಬಗಳು, ಮೂರು ಕೋಟಿ ಟನ್ನಿಗೂ ಮೀರಿದ ಹುಡಿ. ಗಾಳಿ ಜೋರಾದ ದಿನ ಅದು ಸೂರಿನ ಮೇಲೆ, ಒಣಹಾಕಿದ ಬಟ್ಟೆಯ ಮೇಲೆ, ತುಂಬಿಟ್ಟ ನೀರಿನ ಮೇಲೆ ಕೂರುತ್ತದೆ. ಟನ್ ಅದಿರಿಗೆ ಎಷ್ಟು ಗ್ರಾಂ ಚಿನ್ನ ಸಿಕ್ಕಿತೆಂಬುದಕ್ಕೆ ಪಕ್ಕಾ ಲೆಕ್ಕವಿದೆ. ಅಗೆಯುವ ಮೊದಲು ಈ ನೆಲದ ಮೇಲೆ ಏನೇನು ಬದುಕಿತ್ತು ಎಂದು ಬರೆದಿಡುವ ರೂಢಿ 1880ರಲ್ಲಿ ಇರಲಿಲ್ಲ. ಈಗ ಇದೆ. ಕಡಲತಳದಲ್ಲಿ ಅಗೆತ ಇನ್ನೂ ಶುರುವಾಗಿಲ್ಲದ ಕಾರಣ ಆ ಲೆಕ್ಕ ಬರೆಯುವುದಕ್ಕೆ ಸಮಯವೂ ಇದೆ. ಅದಕ್ಕಾಗಿಯೇ ಈ ಪತ್ರ.

ಅಂತಾರಾಷ್ಟ್ರೀಯ ಸಮುದ್ರತಳ ಪ್ರಾಧಿಕಾರದ ಜೊತೆ 2002ರಲ್ಲಿ ಮಾಡಿಕೊಂಡ ಕರಾರಿನಂತೆ ಮಧ್ಯ ಹಿಂದೂ ಮಹಾಸಾಗರದ 75,000 ಚದರ ಕಿಲೋಮೀಟರ್ ತಳದಲ್ಲಿ ಲೋಹದ ಗಂಟುಗಳನ್ನು ಅನ್ವೇಷಿಸುವ ಹಕ್ಕು ನಮ್ಮ ದೇಶಕ್ಕಿದೆ. ನಮ್ಮ ಬ್ಲಾಕ್ ಎಂದರೆ ಇದೇ. ಕೋಲಾರದಂಥ ಹದಿನೆಂಟು ಜಿಲ್ಲೆಗಳನ್ನು ಅಲ್ಲಿ ಹಾಸಬಹುದು. ಹಕ್ಕು ಅನ್ವೇಷಣೆಗೆ ಮಾತ್ರ. ತಳದ ಒಡೆತನ ಯಾವ ದೇಶಕ್ಕೂ ಇಲ್ಲ, ಅದು ಇಡೀ ಮನುಕುಲದ ಸೊತ್ತು ಎಂದು 1982ರ ಕಡಲ ಕಾನೂನು ಒಡಂಬಡಿಕೆಯ 136ನೇ ವಿಧಿ ಹೇಳುತ್ತದೆ. ಆಲೂಗಡ್ಡೆ ಗಾತ್ರದ 38 ಕೋಟಿ ಟನ್ ಗಂಟುಗಳು ಅಲ್ಲಿವೆಯೆಂದು ಸರ್ಕಾರವೇ ಅಂದಾಜಿಸಿದೆ. ಅವುಗಳಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ಇವೆ. ಇವು ಬೇಡವೆಂದು ನಾವು ಹೇಳುತ್ತಿಲ್ಲ. ಗಣಿಯ ಅನ್ನ ಉಂಡ ಊರು ಇದು.

ಈಗ ಮೀನಿನ ವಿಷಯ. 2018ರಲ್ಲಿ ಹವಾಯಿ ವಿಶ್ವವಿದ್ಯಾಲಯದ ತಂಡವೊಂದು ಪೆಸಿಫಿಕ್ ಸಾಗರದ ಕ್ಲಾರಿಯನ್–ಕ್ಲಿಪ್ಪರ್ಟನ್ ವಲಯದ ಪಶ್ಚಿಮ ಭಾಗಕ್ಕೆ ಹೋಗಿತ್ತು. ಅದೂ ಲೋಹದ ಗಂಟುಗಳ ಪ್ರದೇಶವೇ. ಅಲ್ಲಿ ಅದುವರೆಗೆ ಯಾರೂ ನೋಡಿರದ ಮೂರು ಗುಡ್ಡಗಳ ನೆತ್ತಿಗೂ ಅಕ್ಕಪಕ್ಕದ ಬಯಲಿಗೂ ತಂಡದವರು ಎರೆ ಕಟ್ಟಿದ ಕ್ಯಾಮೆರಾ ಇಳಿಸಿದರು. ಎರೆ ಎಂದರೆ ಬಂಗುಡೆ ಜಾತಿಯ ಮೀನು, ಸುಮಾರು ಒಂದು ಕಿಲೋ. 3,000 ಮೀಟರ್ ಆಸುಪಾಸಿನ ಒಂದು ಗುಡ್ಡದ ನೆತ್ತಿಯಲ್ಲಿ ಒಂದೇ ಚಿತ್ರದಲ್ಲಿ 115 ಹಾವುಮೀನುಗಳು ಸಿಕ್ಕಿದವು. ಅಷ್ಟು ಆಳದಲ್ಲಿ ಒಮ್ಮೆಗೇ ಅಷ್ಟು ಮೀನು ಅದಕ್ಕೆ ಮೊದಲು ಎಲ್ಲೂ ದಾಖಲಾಗಿರಲಿಲ್ಲ. ಬೋನಿಗೆ ಬಿದ್ದ ಕೆಲವನ್ನು ಪರೀಕ್ಷಿಸಿದಾಗ ಅದು ಇಲಿಯೋಫಿಸ್ ಆರ್ಕ್ಸ್ ಎಂದು ಗೊತ್ತಾಯಿತು. ಆ ಜಾತಿಯ ಹತ್ತು ಮಾದರಿಗಳೂ ಅಲ್ಲಿಯವರೆಗೆ ಜಗತ್ತಿನ ಸಂಗ್ರಹಾಲಯಗಳಲ್ಲಿ ಇರಲಿಲ್ಲ. 2020ರಲ್ಲಿ ಈ ಅಧ್ಯಯನ ಪ್ರಕಟವಾಯಿತು.

ಅಪರೂಪದ್ದು ಎಂದು ಪುಸ್ತಕದಲ್ಲಿ ಬರೆದಿದ್ದ ಮೀನು ಒಂದು ಗುಡ್ಡದ ತುದಿಯಲ್ಲಿ ಜಾತ್ರೆ ನೆರೆದಂತೆ ನೆರೆದಿತ್ತು. ಪಕ್ಕದ ಬಯಲಿನಲ್ಲಿ ಅಂಥ ಗುಂಪು ಕಾಣಲಿಲ್ಲ. ತಾವು ದಯವಿಟ್ಟು ಗಮನಿಸಬೇಕಾದದ್ದು ಇದನ್ನೇ. ಬಯಲಿನಲ್ಲಿ ಎಷ್ಟೇ ಎಣಿಸಿದರೂ ಗುಡ್ಡದಲ್ಲಿ ಏನಿದೆ ಎಂದು ತಿಳಿಯುವುದಿಲ್ಲ. ಗಂಟುಗಳು ಇರುವುದು ಬಯಲಿನಲ್ಲಿ, ಹಾಗಾಗಿ ಸಮೀಕ್ಷೆಯೂ ಸಹಜವಾಗಿ ಬಯಲಿಗೇ ವಾಲುತ್ತದೆ. ನಮ್ಮ ಬ್ಲಾಕಿನ ತಳವೂ ತಟ್ಟೆಯಂತೆ ಸಪಾಟಾಗಿಲ್ಲ. ಅಲ್ಲೂ ಗುಡ್ಡಗಳಿವೆ. ಅದೇ ಜಾತಿ ಅಲ್ಲೂ ಇದೆ ಎಂಬುದು ನಮ್ಮ ವಾದವಲ್ಲ. ಆದರೆ ಎಣಿಸದೆ ಇಲ್ಲ ಎನ್ನಲು ಯಾರಿಗೂ ಬಾರದು.

ಈ ಮೀನಿನ ಮೈಕಟ್ಟನ್ನು ಕೊಂಚ ಹತ್ತಿರದಿಂದ ನೋಡೋಣ. ನಮ್ಮ ಕೆರೆಗಳಲ್ಲಿ ಬಲೆಗೆ ಬೀಳುವ, ಬೆನ್ನ ಮೇಲೆ ಮುಳ್ಳಿರುವ ಹಾವುಮೀನು ಬೇರೆಯದೇ ವಂಶ. ಹೆಸರೊಂದೇ, ನಂಟಿಲ್ಲ. ಕಡಲಾಳದ್ದು ಸಿನಾಫೋಬ್ರಾಂಕಿಡೀ ಎಂಬ ಕುಟುಂಬಕ್ಕೆ ಸೇರಿದೆ. ಈ ಕುಟುಂಬಕ್ಕೆ ಇಂಗ್ಲಿಷಿನಲ್ಲಿ ‘ಕತ್ತು ಕೊಯ್ದ ಹಾವುಮೀನು’ ಎಂಬ ಅರ್ಥದ ಹೆಸರಿದೆ. ಕಿವಿರಿನ ಸೀಳುಗಳು ಕೆನ್ನೆಯ ಪಕ್ಕಕ್ಕಿರದೆ ಗಂಟಲಿನ ಅಡಿಯಲ್ಲಿ ಹತ್ತಿರ ಹತ್ತಿರ ಇರುವುದರಿಂದ, ಮೀನನ್ನು ಅಂಗಾತ ಮಲಗಿಸಿದರೆ ಕೊರಳಿಗೆ ಕತ್ತಿ ಆಡಿಸಿದ ಹಾಗೆ ಕಾಣುತ್ತದೆ. ಹೊಟ್ಟೆಯ ಕೆಳಗಿನ ಜೋಡಿ ರೆಕ್ಕೆ ಇಲ್ಲ. ಬೆನ್ನ ರೆಕ್ಕೆ ಬಾಲದ ತುದಿ ಸುತ್ತಿ ಕೆಳಗಿನ ರೆಕ್ಕೆಗೆ ಸೇರುತ್ತದೆ. ಮರಿಯ ರೂಪವೇ ಬೇರೆ. ಈರುಳ್ಳಿ ಎಸಳುಗಳ ನಡುವೆ ಬಿಡಿಸಿದರೆ ಬರುವ ತೆಳು ಪೊರೆ ಇದೆಯಲ್ಲ, ಅಷ್ಟು ಪಾರದರ್ಶಕ. ಎಲೆಯಂತೆ ಚಪ್ಪಟೆ, ಚಿಕ್ಕ ತಲೆ, ದುರ್ಬೀನಿನ ಕೊಳವೆಯಂತೆ ಮುಂಚಾಚಿದ ಕಣ್ಣು. ಈ ಎಲೆಮರಿಗಳು ತಳಕ್ಕಿಂತ ಬಹಳ ಮೇಲಿನ ನೀರಿನಲ್ಲಿ ತೇಲುತ್ತಾ ಬೆಳೆದು, ಆಮೇಲೆ ರೂಪ ಬದಲಿಸಿ ಕೆಳಗಿಳಿಯುತ್ತವೆ. ಅಂದರೆ ಈ ಮೀನಿಗೆ ಎರಡು ಮನೆ, ನಡುನೀರು ಮತ್ತು ತಳ. ಗಣಿಗಾರಿಕೆ ಎರಡನ್ನೂ ಮುಟ್ಟುತ್ತದೆ. ಯಂತ್ರ ತಳವನ್ನು ಕೆರೆಯುತ್ತದೆ, ಗಂಟು ತೊಳೆದ ಕೆಸರುನೀರನ್ನು ಹಡಗು ಮತ್ತೆ ಕಡಲಿಗೇ ಬಿಡುತ್ತದೆ. ಎಷ್ಟು ಆಳದಲ್ಲಿ ಬಿಡುತ್ತದೆ ಎಂಬುದರ ಮೇಲೆ ಮರಿಗಳ ಪಾಡು ನಿಂತಿದೆ.

ಗುಡ್ಡದ ನೆತ್ತಿಯಲ್ಲೇ ಏಕೆ ಗುಂಪು? ಅಮೆರಿಕನ್ ಸಮೋವಾದ ವೈಲುಲುಉ ಎಂಬ ಕಡಲಡಿಯ ಜ್ವಾಲಾಮುಖಿಯಿಂದ ಒಂದು ಸುಳಿವು ಸಿಗುತ್ತದೆ. ಅದರ ಬಾಯೊಳಗೆ ಕೆಲವೇ ವರ್ಷಗಳಲ್ಲಿ 300 ಮೀಟರ್ ಎತ್ತರದ ಹೊಸ ಶಿಖರ ಎದ್ದಿರುವುದು 2005ರಲ್ಲಿ ಗೊತ್ತಾಯಿತು. ಅದಕ್ಕೆ ನಫನುವಾ ಎಂದು ಹೆಸರಿಟ್ಟರು. ಅದರ ತುದಿಯ ಬಂಡೆಬಿರುಕುಗಳಲ್ಲಿ ಇದೇ ಕುಟುಂಬದ ಡಿಸೊಮ್ಮಿನಾ ರುಗೋಸಾ ಎಂಬ ಹಾವುಮೀನುಗಳು ನೂರಾರು ಸಂಖ್ಯೆಯಲ್ಲಿದ್ದವು. ಬಿಸಿನೀರಿನ ಬುಗ್ಗೆಯ ಪಕ್ಕದಲ್ಲೇ ಬೆಳೆದ ಸೂಕ್ಷ್ಮಜೀವಿಗಳ ಹಾಸನ್ನು ಅವು ತಿನ್ನುತ್ತಿರಲಿಲ್ಲ. ಪ್ರವಾಹ ಹೊತ್ತು ತಂದ ಸೀಗಡಿಯಂಥ ಜೀವಿಗಳೇ ಅವುಗಳ ಆಹಾರ. ಶಿಖರಕ್ಕೆ ನೀರು ಬಡಿದು ತಿರುಗುವ ಕಡೆ ಊಟ ತಾನಾಗಿ ಬರುತ್ತದೆ, ಮೀನು ಅಲ್ಲಿ ಬಿಡಾರ ಹೂಡುತ್ತದೆ. ಊಟ ತರುವ ನೀರೇ ನಾಳೆ ಕೆಸರನ್ನೂ ತರುತ್ತದೆ ಎಂಬುದು ನಮ್ಮ ಆತಂಕ. ಮೀನಿಗೆ ತೊಂದರೆಯಾಗಲು ಯಂತ್ರ ಗುಡ್ಡ ಹತ್ತಬೇಕೆಂದೇನೂ ಇಲ್ಲ.

ಇದನ್ನು ಲೆಕ್ಕ ಹಾಕಿಯೇ ನೋಡಬಹುದು. ಗಂಟು ಎತ್ತುವ ಯಂತ್ರ ತಳದ ಮೇಲಿನ ಕೆಲವು ಸೆಂಟಿಮೀಟರ್ ಮಣ್ಣನ್ನೂ ಜೊತೆಗೆ ಕೆದಕುತ್ತದೆ. ಅದು ಜೇಡಿ. ಕಣ 4 ಮೈಕ್ರಾನ್ ಇದ್ದರೆ, ಅಲ್ಲಿನ ತಣ್ಣೀರಿನಲ್ಲಿ ಅದು ದಿನಕ್ಕೆ ಸುಮಾರು 70 ಸೆಂಟಿಮೀಟರ್ ಮಾತ್ರ ಇಳಿಯುತ್ತದೆ. ತಳದಿಂದ 10 ಮೀಟರ್ ಮೇಲೆದ್ದ ಕಣ ಮತ್ತೆ ನೆಲ ಮುಟ್ಟಲು ಎರಡು ವಾರ ಬೇಕು. ಪ್ರವಾಹ ಸೆಕೆಂಡಿಗೆ 3 ಸೆಂಟಿಮೀಟರ್ ಎಂದರೂ ದಿನಕ್ಕೆ ಎರಡೂವರೆ ಕಿಲೋಮೀಟರ್ ಆಗುತ್ತದೆ. ಎರಡು ವಾರಕ್ಕೆ 35 ಕಿಲೋಮೀಟರ್ ಸಾಗಿರುತ್ತದೆ. ನಿಜವಾಗಿ ಕಣಗಳು ಒಂದಕ್ಕೊಂದು ಅಂಟಿ ಮುದ್ದೆಯಾಗಿ ಬೇಗ ಕೂರುವುದೂ ಉಂಟು, ಹಾಗಾಗಿ ದೊಡ್ಡ ಪಾಲು ಹತ್ತಿರದಲ್ಲೇ ಬೀಳುತ್ತದೆ. ದೂರ ಹೋಗುವುದು ಅಂಟದ ನುಣುಪು ಪಾಲು. ಕೆ.ಜಿ.ಎಫ್. ದಿಬ್ಬದ ಕಥೆಯೂ ಇದೇ. ದಪ್ಪ ಮರಳು ದಿಬ್ಬದ ಬುಡದಲ್ಲೇ ಉಳಿಯುತ್ತದೆ, ಮನೆಯೊಳಗೆ ಬರುವುದು ನುಣುಪು ಹುಡಿ.

ಗಾಯ ಮಾಯುವುದಕ್ಕೆ ಹಿಡಿಯುವ ಕಾಲವೂ ಗೊತ್ತಿದೆ. ಪೆಸಿಫಿಕ್‌ನಲ್ಲಿ 1978ರಲ್ಲಿ ಗಣಿ ಯಂತ್ರ ಓಡಿಸಿ ನೋಡಿದ ಗಾಲಿಯ ಜಾಡು 2004ರಲ್ಲೂ ನಿಚ್ಚಳವಾಗಿತ್ತು. ಪೆರು ಬಳಿ 1989ರಲ್ಲಿ ಉತ್ತು ನೋಡಿದ ತಳ 2015ರಲ್ಲೂ ಉತ್ತ ಹಾಗೇ ಇತ್ತು. ಗಂಟುಗಳು ಬೆಳೆಯುವುದು ಹತ್ತು ಲಕ್ಷ ವರ್ಷಕ್ಕೆ ಕೆಲವು ಮಿಲಿಮೀಟರ್. ನಮ್ಮವರೂ 1997ರಲ್ಲಿ ಮಧ್ಯ ಹಿಂದೂ ಮಹಾಸಾಗರದ ತಳದಲ್ಲೇ 3 ಕಿಲೋಮೀಟರ್ ಉದ್ದ, 200 ಮೀಟರ್ ಅಗಲದ ಪಟ್ಟಿಯನ್ನು ಕೆದಕಿ ಪರಿಣಾಮ ನೋಡುವ ಪ್ರಯೋಗ ಮಾಡಿದ್ದರು. ಅಂದರೆ ಪರಿಸರವನ್ನು ಮೊದಲು ಅಳೆಯಬೇಕೆಂಬ ಬುದ್ಧಿ ನಮ್ಮ ವಿಜ್ಞಾನಿಗಳಿಗೆ ಹೊಸದಲ್ಲ. ಆ ಪರಂಪರೆಯ ಮೇಲಿನ ಭರವಸೆಯಿಂದಲೇ ಮುಂದಿನದನ್ನು ಕೇಳುತ್ತಿದ್ದೇವೆ.

ಎರೆ ಕ್ಯಾಮೆರಾ ಭಾರೀ ಯಂತ್ರವಲ್ಲ. ಮೂರು ಕಾಲಿನ ಅಲ್ಯೂಮಿನಿಯಂ ಇಲ್ಲವೇ ಟೈಟಾನಿಯಂ ಚೌಕಟ್ಟು. ಮೇಲೆ 43 ಸೆಂಟಿಮೀಟರ್ ವ್ಯಾಸದ ದಪ್ಪ ಗಾಜಿನ ಬುರುಡೆಗಳು, ಒಂದೊಂದೂ ಸುಮಾರು 25 ಕಿಲೋ ಭಾರವನ್ನು ಎತ್ತಿ ತೇಲಿಸುತ್ತದೆ. ಕೆಳಗೆ ಕಬ್ಬಿಣದ ತೂಕ. ನಡುವೆ ಕ್ಯಾಮೆರಾ, ದೀಪ, ಬ್ಯಾಟರಿ, ಪ್ರವಾಹಮಾಪಕ, ಉಷ್ಣ ಮತ್ತು ಲವಣದ ಮಾಪಕ. ಹಡಗಿನಿಂದ ಶಬ್ದದ ಸಂಕೇತ ಕೊಟ್ಟಾಗ ತೂಕವನ್ನು ಕಳಚುವ ಕೊಂಡಿ. ಇಷ್ಟೇ. ಹಗ್ಗದ ಹಂಗಿಲ್ಲ. ಹಡಗು ಅದನ್ನು ಬಿಟ್ಟು ಬೇರೆ ಕೆಲಸಕ್ಕೆ ಹೋಗಿ ಮರುದಿನ ಬಂದು ಎತ್ತಿಕೊಳ್ಳಬಹುದು. ಸಾಗರ ನಿಧಿಯಂಥ ಹಡಗು ಹೇಗೂ ಆ ಕಡೆ ಹೋಗುವಾಗ ಇದಕ್ಕೆ ಬೇಕಾಗುವುದು ಡೆಕ್ಕಿನ ಮೇಲೆ ಒಂದಿಷ್ಟು ಜಾಗ, ಇಳಿಸಿ ಎತ್ತಲು ಕೆಲವು ಗಂಟೆ.

ಎಡವಟ್ಟಾಗುವುದು ಚಿಕ್ಕ ಚಿಕ್ಕ ಸಂಗತಿಗಳಲ್ಲಿ. ಕಬ್ಬಿಣ ಕಡಲ ನೀರಿನಲ್ಲಿ ತನ್ನ ತೂಕದ ಎಂಟನೇ ಒಂದು ಪಾಲು ಕಳೆದುಕೊಳ್ಳುತ್ತದೆ. ಡೆಕ್ಕಿನ ಮೇಲೆ ತೂಗಿದ ಲೆಕ್ಕವನ್ನೇ ಹಿಡಿದರೆ ಚೌಕಟ್ಟು ನಿಧಾನವಾಗಿ ಇಳಿದು, ದಾರಿಯಲ್ಲಿ ಪ್ರವಾಹಕ್ಕೆ ಸಿಕ್ಕಿ ಗುಡ್ಡದ ತುದಿ ತಪ್ಪುತ್ತದೆ. ನಿಮಿಷಕ್ಕೆ 50 ಮೀಟರ್ ಇಳಿದರೂ 3,000 ಮೀಟರಿಗೆ ಒಂದು ಗಂಟೆ ಬೇಕು. ಸರಾಸರಿ ಪ್ರವಾಹ ಸೆಕೆಂಡಿಗೆ 10 ಸೆಂಟಿಮೀಟರ್ ಇದ್ದರೆ ಅಷ್ಟರಲ್ಲಿ 360 ಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಆದ್ದರಿಂದ ಮೊದಲು ಶಬ್ದದಿಂದ ಆಳ ಅಳೆಯುವ ಸೋನಾರಿನಿಂದ ಗುಡ್ಡದ ನಕ್ಷೆ ಆಗಬೇಕು. ಆ ನಕ್ಷೆಯನ್ನೂ ಪೂರಾ ನಂಬುವಂತಿಲ್ಲ. ಒಂದು ಡಿಗ್ರಿ ಕಿರಣದ ಸೋನಾರಿಗೆ 5,000 ಮೀಟರ್ ಆಳದಲ್ಲಿ ಒಂದು ಚುಕ್ಕಿ ಎಂದರೆ 87 ಮೀಟರ್ ಅಗಲ, ಅದರೊಳಗೆ ಒಂದು ಕಡಿದಾದ ಬಂಡೆಯೇ ಅಡಗಿರಬಹುದು. ಇಳಿಜಾರಿನಲ್ಲಿ ಕೂತ ಚೌಕಟ್ಟು ವಾಲಿ, ಕ್ಯಾಮೆರಾ ಎರೆಯನ್ನು ಬಿಟ್ಟು ಬರೀ ನೀರನ್ನು ನೋಡುತ್ತಾ ಕೂರುತ್ತದೆ. ಓಲುವಿಕೆಯ ಮಾಪಕ ಇಟ್ಟರೆ ಕನಿಷ್ಠ ಆ ಚಿತ್ರಗಳನ್ನು ಎಣಿಕೆಯಿಂದ ಕೈಬಿಡಬಹುದು.

ಕಳಚುವ ಕೊಂಡಿ ಎರಡಿರಲಿ, ಒಂದು ಕೈಕೊಟ್ಟರೂ ಇನ್ನೊಂದು ಬಿಡಿಸುವಂತೆ ಜೋಡಿಸಿರಲಿ. ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗುವ ಕಡೆ ಉಪ್ಪುನೀರು ಒಂದನ್ನು ತಿನ್ನುತ್ತದೆ, ಅಲ್ಲಿ ಪ್ಲಾಸ್ಟಿಕ್ ಬಿಲ್ಲೆ ಮತ್ತು ಸತುವಿನ ತುಂಡು ಬೇಕು. ಗಾಜಿನ ಬುರುಡೆಯ ಅಂಚಿನಲ್ಲಿ ಸಣ್ಣ ಚಕ್ಕೆ ಎದ್ದಿದ್ದರೂ ಅದನ್ನು ಬಳಸಕೂಡದು. 3,000 ಮೀಟರಿನಲ್ಲಿ ಚದರ ಸೆಂಟಿಮೀಟರಿಗೆ ಸುಮಾರು 300 ಕಿಲೋ ಒತ್ತಡ. ಒಂದು ಬುರುಡೆ ಒಡೆದರೆ ಆ ಹೊಡೆತಕ್ಕೆ ಪಕ್ಕದವೂ ಒಡೆಯುತ್ತವೆ, ಉಪಕರಣ ಮತ್ತೆ ಮೇಲೆ ಬರುವುದೇ ಇಲ್ಲ. ಕ್ಯಾಮೆರಾ ಡಬ್ಬಿಯೊಳಗೆ ತೇವ ಹೀರುವ ಸಿಲಿಕಾ ಚೀಲ ಇಡದಿದ್ದರೆ ತಳದ ಎರಡು ಡಿಗ್ರಿ ಚಳಿಗೆ ಗಾಜು ಮಂಜಾಗಿ, ದಿನವಿಡೀ ತೆಗೆದ ಚಿತ್ರವೆಲ್ಲ ಬೂದಿ ಬಣ್ಣವಾಗುತ್ತದೆ.

ಎರೆಯ ಮಾತು ಮುಖ್ಯ. ಎಲ್ಲ ಕಡೆ ಒಂದೇ ಜಾತಿ, ಒಂದೇ ತೂಕ: ಕತ್ತರಿಸಿದ ಬಂಗುಡೆ, ಒಂದು ಕಿಲೋ, ತೂಗಿ ಬರೆದದ್ದು. ಒಂದು ಕಡೆ ಎರಡು ಕಿಲೋ, ಇನ್ನೊಂದು ಕಡೆ ಅರ್ಧ ಕಿಲೋ ಕಟ್ಟಿದರೆ ಎರಡು ಜಾಗಗಳನ್ನು ಹೋಲಿಸುವಂತಿಲ್ಲ. ಬರೀ ದಾರದಲ್ಲಿ ಕಟ್ಟಿದರೆ ಸೀಗಡಿಯ ದೂರದ ನಂಟರಾದ ಆಂಫಿಪಾಡುಗಳು ಮುತ್ತಿಕೊಂಡು ಮೀನು ಬರುವ ಮೊದಲೇ ಮೂಳೆ ಉಳಿಸುತ್ತವೆ. ಅದಕ್ಕೆ ಅರ್ಧವನ್ನು ಬಿಚ್ಚಿಟ್ಟು, ಇನ್ನರ್ಧವನ್ನು ಜಾಲರಿಯಲ್ಲಿ ಹೊಲಿದು ಇಟ್ಟರೆ ವಾಸನೆ ಹೆಚ್ಚು ಹೊತ್ತು ಹರಿಯುತ್ತದೆ. ಎರೆಯ ಪಕ್ಕದಲ್ಲೇ ಗೆರೆ ಹಾಕಿದ ಅಳತೆಪಟ್ಟಿ ಇರಬೇಕು, ಇಲ್ಲದಿದ್ದರೆ ಮೀನಿನ ಉದ್ದ ಊಹೆಯಾಗುತ್ತದೆ. ಪ್ರವಾಹಮಾಪಕ ಇಲ್ಲದೆ ಎರೆ ಕ್ಯಾಮೆರಾ ಇಳಿಸುವುದು ದಂಡ. ವಾಸನೆ ಯಾವ ಕಡೆಗೆ, ಎಷ್ಟು ದೂರ ಹೋಯಿತೆಂದು ಗೊತ್ತಿಲ್ಲದಿದ್ದರೆ ಬಂದ ಮೀನು ಎಷ್ಟು ಜಾಗಕ್ಕೆ ಸೇರಿದ್ದೆಂದು ಹೇಳಲಾಗದು.

ನಿಮಿಷಕ್ಕೊಂದು ಚಿತ್ರ, 24 ಗಂಟೆ. ಎಣಿಸುವಾಗ ಎಲ್ಲ ಚಿತ್ರಗಳ ಮೀನನ್ನು ಕೂಡಿಸಬಾರದು. ಹೋದ ಹಾವುಮೀನೇ ಮತ್ತೆ ಬರುತ್ತದೆ, ಒಂದನ್ನೇ ಐವತ್ತು ಸಲ ಎಣಿಸಿದಂತಾಗುತ್ತದೆ. ಒಂದೇ ಚಿತ್ರದಲ್ಲಿ ಕಂಡ ಅತಿ ಹೆಚ್ಚಿನ ಸಂಖ್ಯೆ ಎಷ್ಟು, ತಳ ಮುಟ್ಟಿದ ಎಷ್ಟು ನಿಮಿಷಕ್ಕೆ ಮೊದಲ ಮೀನು ಬಂತು, ಈ ಎರಡು ಅಂಕಿ ಸಾಕು. ಪೆಸಿಫಿಕ್ಕಿನ 115 ಕೂಡ ಅಂಥ ಒಂದೇ ಚಿತ್ರದ ಅಂಕಿ.

ಎಲ್ಲೆಲ್ಲಿ ಇಳಿಸಬೇಕು? ಗುಡ್ಡದ ನೆತ್ತಿ, ಇಳಿಜಾರು, ಬುಡ, ಮತ್ತು ಅದರಿಂದ ದೂರದ ಬಯಲು. ಒಂದೊಂದರಲ್ಲಿ ಕನಿಷ್ಠ ಮೂರು ಸಲ. ಒಮ್ಮೆ ಮಾತ್ರ ಇಳಿಸಿದರೆ ಸಿಕ್ಕಿದ್ದು ಆ ದಿನದ ಅದೃಷ್ಟವೋ ಆ ಜಾಗದ ಗುಣವೋ ತಿಳಿಯದು. ಯಂತ್ರ ಓಡಿಸಲು ಗುರುತಿಸಿದ ತಾಣದಿಂದ ಪ್ರವಾಹ ಹರಿದುಹೋಗುವ ದಿಕ್ಕಿನಲ್ಲಿರುವ ಗುಡ್ಡ ಮೊದಲು. ಹೋಲಿಕೆಗೆಂದು ಮುಟ್ಟದೆ ಉಳಿಸುವ ತಾಣದಲ್ಲೂ ಅಂಥದೇ ಎತ್ತರದ ಒಂದು ಗುಡ್ಡ ಇರಲೇಬೇಕು. ಉಳಿಸಿದ್ದು ಬರೀ ಬಯಲಾದರೆ ಗುಡ್ಡದ ಮೀನನ್ನು ಉಳಿಸಿದಂತಾಗುವುದಿಲ್ಲ. ಇದನ್ನು ನಾವು ಒತ್ತಿ ಹೇಳುತ್ತೇವೆ.

ಚಿತ್ರದಿಂದ ಕುಟುಂಬ ತಿಳಿಯುತ್ತದೆ, ಜಾತಿ ತಿಳಿಯುವುದು ಕಷ್ಟ. ಈ ಹಾವುಮೀನುಗಳಲ್ಲಿ ಜಾತಿ ಗುರುತಿಸಲು ಬೆನ್ನುಮೂಳೆಯ ಎಣಿಕೆ, ಪಕ್ಕದ ಗೆರೆಯ ರಂಧ್ರಗಳು, ಹಲ್ಲಿನ ಸಾಲು ನೋಡಬೇಕು. ಹಾಗಾಗಿ ಚೌಕಟ್ಟಿಗೆ ಕೊಳವೆಬಾಯಿಯ ಬೋನು ಕಟ್ಟಿ ಕೆಲವನ್ನಾದರೂ ಮೇಲೆ ತರಬೇಕು. ಹೆಚ್ಚು ಬೇಡ. ಮೇಲೆ ಬಂದ ಕೂಡಲೇ ರೆಕ್ಕೆಯ ಇಲ್ಲವೇ ಸ್ನಾಯುವಿನ ಚೂರನ್ನು 95 ಶೇಕಡಾ ಎಥನಾಲಿಗೆ ಹಾಕಿ, ಆಮೇಲೆ ಮೈಯನ್ನು 10 ಶೇಕಡಾ ಫಾರ್ಮಲಿನ್‌ಗೆ ಇಳಿಸಬೇಕು. ಈ ಕ್ರಮ ಹಿಂದುಮುಂದಾದರೆ ಫಾರ್ಮಲಿನ್ ಡಿ.ಎನ್.ಎ.ಯನ್ನು ಕೆಡಿಸುತ್ತದೆ, ಮಾದರಿ ಅರ್ಧಕ್ಕೇ ಉಪಯೋಗ. ಕೊಚ್ಚಿಯಲ್ಲಿ ಕಡಲಾಳದ ಜೀವಿಗಳಿಗೆಂದೇ ಭವಸಾಗರ ಎಂಬ ರಾಷ್ಟ್ರೀಯ ಸಂಗ್ರಹ ಇದೆ. ಮಾದರಿಗಳು ನೋಂದಣಿ ಸಂಖ್ಯೆಯ ಸಮೇತ ಅಲ್ಲಿಗೆ ಸೇರಲಿ.

ತಮ್ಮ ಸಂಸ್ಥೆಗಳು ನಮ್ಮ ಬ್ಲಾಕಿನ ಗುಡ್ಡಗಳಲ್ಲಿ ಈ ಕೆಲಸ ಮಾಡಿಯಾಗಿದ್ದರೆ ಫಲಿತಾಂಶ ಪ್ರಕಟಿಸಿ. ಆಗಿಲ್ಲದಿದ್ದರೆ ಮುಂದಿನ ಸಮುದ್ರಯಾನದಲ್ಲೇ ಆರಂಭಿಸಿ. ತಳದ ಮೀನು ಮತ್ತು ಹೆಣ ತಿನ್ನುವ ಜೀವಿಗಳ ಮೂಲ ಮಾಹಿತಿ ಕಲೆಹಾಕುವುದು ಕರಾರಿನ ಬಾಧ್ಯತೆಗಳ ಭಾಗವೇ. ತೋಡುವ ಅನುಮತಿಗೆ ಅರ್ಜಿ ಹಾಕುವ ಕಾಲ ಬಂದರೆ, ಅದಕ್ಕೆ ಮೊದಲು ಕನಿಷ್ಠ ಎರಡು ಬೇರೆ ವರ್ಷಗಳ, ಬೇರೆ ಋತುಗಳ ಎಣಿಕೆ ಕೈಯಲ್ಲಿರಬೇಕು. ಸೂಕ್ಷ್ಮಜೀವಿ, ಹುಳುಗಳ ಲೆಕ್ಕ ಬೇಡವೆಂದಲ್ಲ. ಆದರೆ ಮೀನು ಆ ಊಟದ ಸರಪಣಿಯ ತುದಿಯಲ್ಲಿದೆ, ಕೆಳಗೆ ಎಲ್ಲಿ ಕೊರತೆಯಾದರೂ ಅದರ ಎಣಿಕೆಯಲ್ಲಿ ಕಾಣುತ್ತದೆ. ಬಿಸಿನೀರಿನ ಬುಗ್ಗೆಗಳ ಬಳಿ ಬದುಕುವ, ಕಬ್ಬಿಣದ ಪರೆಯ ಕಾಲಿರುವ ಬಸವನಹುಳು ಇದೇ ಹಿಂದೂ ಮಹಾಸಾಗರದ್ದು. ಕಡಲತಳದ ಗಣಿಗಾರಿಕೆಯ ಅಪಾಯದ ಕಾರಣಕ್ಕೇ 2019ರಲ್ಲಿ ಅಳಿವಿನಂಚಿನ ಪಟ್ಟಿ ಸೇರಿದ ಮೊದಲ ಜೀವಿ ಅದು. ಅದರ ಬಗ್ಗೆ ಪ್ರತ್ಯೇಕವಾಗಿ ಬರೆಯುತ್ತೇವೆ.

ಪ್ರಕಟಿಸುವುದೆಂದರೆ ವರದಿಯ ಕೊನೆಯಲ್ಲಿ ಒಂದು ಕೋಷ್ಟಕ ಸೇರಿಸುವುದಲ್ಲ. ಪ್ರತಿ ಚಿತ್ರವೂ ಅಕ್ಷಾಂಶ, ರೇಖಾಂಶ, ಆಳ, ದಿನಾಂಕ, ಎರೆಯ ತೂಕ, ಪ್ರವಾಹದ ವೇಗದ ಸಮೇತ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಇರಲಿ. ಮೀನು ಬಾರದ ದಿನದ ಚಿತ್ರಗಳೂ ಇರಲಿ, ಸೊನ್ನೆಯೂ ಅಂಕಿಯೇ. ಎಣಿಸಲು ಕೈ ಸಾಲದೆಂಬ ಮಾತು ಬಂದರೆ ನಮ್ಮಲ್ಲಿ ಕೈಗಳಿವೆ. ಒಂದು ಇಳಿಕೆಗೆ 1,440 ಚಿತ್ರ, ನಾಲ್ಕು ಜಾಗದ ಹನ್ನೆರಡು ಇಳಿಕೆಗೆ 17,280. ಕೋಲಾರ, ಕೆ.ಜಿ.ಎಫ್., ಮುಳಬಾಗಿಲಿನ ಪದವಿ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳಿಗೆ ಒಂದು ವಾರದ ತರಬೇತಿ ಕೊಟ್ಟರೆ, ಒಂದೊಂದು ಚಿತ್ರವನ್ನು ಇಬ್ಬರು ಬೇರೆ ಬೇರೆಯಾಗಿ ಎಣಿಸಿ, ತಾಳೆಯಾಗದ್ದನ್ನು ಮೂರನೆಯವರಿಗೆ ತೋರಿಸಿ, ಒಂದು ಸೆಮಿಸ್ಟರಿನೊಳಗೆ ಮುಗಿಸಿಕೊಡಬಲ್ಲೆವು. ಚಿತ್ರಗಳನ್ನು ಕಳಿಸಿಕೊಡಿ.

ಇಂತಿ ತಮ್ಮ ವಿಶ್ವಾಸಿಗಳು,
ಕೋಲಾರ ಜಿಲ್ಲೆಯ ಅಧ್ಯಾಪಕರು ಮತ್ತು ಗಣಿ ಕೆಲಸ ಬಲ್ಲವರು
ಕೆ.ಜಿ.ಎಫ್., ಕೋಲಾರ ಜಿಲ್ಲೆ